ಹೈ ರಿಗ್ ಗೋಡೆಯ ಮೊಲಗಂಡಿಗಳು

ಥ್ರಾಂಗ್‌ಡೇಲ್, ಯಾರ್ಕ್‌ಷೈರ್
೨೪ ಏಪ್ರಿಲ್ ೧೯೯೪

ಪ್ರಿಯ ಕ್ಲೆಮ್,

ನಿನ್ನ ಗೋಡೆಯ ಮೇಲೆ ದೂರು ಹೇಳಲು ಈ ಕಾಗದ. ಗೋಡೆ ಬಿದ್ದಿಲ್ಲ. ಎರಡು ಚಳಿಗಾಲ ಕಳೆದರೂ ಒಂದು ಕಲ್ಲು ಅಲುಗಿಲ್ಲ, ಒಂದು ಕಡೆ ಹೊಟ್ಟೆ ಬಿಟ್ಟಿಲ್ಲ. ನನ್ನ ದೂರು ಅದೇ.

ಹೈ ರಿಗ್‌ನ ಆ ಕುಸಿದ, ಗಾರೆಯಿಲ್ಲದ ಕಲ್ಲುಗೋಡೆಯನ್ನು ಎತ್ತಿಸಬೇಕೆಂದು ಹನ್ನೊಂದು ವರ್ಷ ಕಚೇರಿಗಳಿಗೆ ಬರೆದವಳು ನಾನೇ. ಅನುದಾನ ಬಂದಾಗ ಕಟ್ಟಲು ನಿನ್ನ ಹೆಸರು ಹೇಳಿದವಳೂ ನಾನೇ. ಆದ್ದರಿಂದ ದೂರುವ ಹಕ್ಕೂ ನನ್ನದೇ ಎಂದು ತಿಳಿದಿದ್ದೇನೆ.

ಗೋಡೆಯ ಮೇಲ್ಗಡೆ ರಿಗ್‌ನ ಒಣ ದಿಬ್ಬ. ಅಲ್ಲಿ ಗಿಡ್ಡ ಹುಲ್ಲು, ನಾಲ್ಕೂ ದಿಕ್ಕಿಗೆ ನೋಟ. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿ ನೆಲದ ಮೇಲೆ ಮೊಟ್ಟೆ ಇಡಲು ಹುಡುಕುವುದು ಇಂಥದೇ ಜಾಗವನ್ನು. ಆದರೆ ಅದರ ಮರಿ ಗೂಡಿನಲ್ಲಿ ಬಾಯಿ ತೆರೆದು ಕೂರುವ ಜಾತಿಯಲ್ಲ. ಮೈ ಒಣಗಿದ ಕೂಡಲೇ ಎದ್ದು ನಡೆಯುತ್ತದೆ. ತಂದೆತಾಯಿ ಕಾವಲು ಕಾಯುತ್ತವೆ, ಕೂಗಿ ದಾರಿ ಹೇಳುತ್ತವೆ, ಒಂದು ತುತ್ತನ್ನೂ ಬಾಯಿಗಿಡುವುದಿಲ್ಲ. ತನ್ನ ಊಟವನ್ನು ಅದು ತಾನೇ ಹುಡುಕಬೇಕು, ಕೊಕ್ಕೋ ಇನ್ನೂ ನನ್ನ ಕಿರುಬೆರಳ ಉಗುರಿನಷ್ಟು. ಅದಕ್ಕೆ ಬೇಕಾದ ಮೆತ್ತನೆ ಮಣ್ಣು, ಉದ್ದಕಾಲಿನ ನೊಣಗಳು, ಬಿಸಿಲು ಮಳೆಗೆ ಮರೆಯಾಗುವ ಜೊಂಡಿನ ಪೊದೆ, ಪೊದೆಗಳ ನಡುವೆ ದನ ತುಳಿದು ತೆರೆದಿಟ್ಟ ಓಣಿ, ಇವೆಲ್ಲ ಇರುವುದು ಗೋಡೆಯ ಕೆಳಗಿನ ಜೌಗಿನಲ್ಲಿ. ಮೊಟ್ಟೆಯ ಮನೆ ಒಂದು ಕಡೆ, ಮರಿಯ ಮನೆ ಇನ್ನೊಂದು ಕಡೆ, ನಡುವೆ ನಿನ್ನ ಗೋಡೆ.

ಗೋಡೆ ಕುಸಿದಿದ್ದಾಗ ಮರಿಗಳು ಬಿದ್ದ ಕಲ್ಲುಗಳ ಸಂದಿಯಲ್ಲಿ ದಾಟುತ್ತಿದ್ದವು. ಈಗ ರಸ್ತೆಯಿಂದ ಹಳ್ಳದವರೆಗೆ ಎಲ್ಲಿಯೂ ಸಂದಿಯಿಲ್ಲ. ಹೋದ ವರ್ಷ ಜೂನ್‌ನಲ್ಲಿ ಗೋಡೆಯ ಬುಡದಲ್ಲಿ ಎರಡು ಮರಿಗಳನ್ನು ಕಂಡೆ. ಗಾಯವಿರಲಿಲ್ಲ. ಕೈಗೆತ್ತಿಕೊಂಡರೆ ಬೆಂಕಿಪೊಟ್ಟಣದಷ್ಟೂ ತೂಕವಿಲ್ಲ. ಒಣ ದಿಬ್ಬದಲ್ಲಿ ತಿನ್ನಲು ಏನೂ ಸಿಗದೆ, ಜೌಗಿನ ವಾಸನೆ ಹಿಡಿದು ಬಂದು, ಕಲ್ಲಿನ ಮುಂದೆ ಓಡಾಡಿ ಓಡಾಡಿ ಸತ್ತಿದ್ದವು.

ನನ್ನ ಬಾಲ್ಯದಲ್ಲಿ ಆ ಗೋಡೆಯ ಬುಡದಲ್ಲಿ ಮೂರು ಮೊಲಗಂಡಿಗಳಿದ್ದವು, ಮೊಲ ನುಸುಳಲೆಂದು ಕಟ್ಟುವಾಗಲೇ ಬಿಟ್ಟ ತೂತುಗಳು. ಹೊಟ್ಟೆಯ ಮೇಲೆ ಮಲಗಿ ಆಚೆ ನೋಡುತ್ತಿದ್ದೆ. ಆಗ ಈ ಬೆಟ್ಟದ ಬಯಲಿನಲ್ಲಿ ಎಷ್ಟು ಕರ್ಲ್ಯೂ ಎಂದರೆ ಚರ್ಚಿನಲ್ಲಿ ಪಾದ್ರಿಯ ಮಾತು ಕೇಳುತ್ತಿರಲಿಲ್ಲ. ಆಮೇಲೆ ಸರ್ಕಾರ ದುಡ್ಡು ಕೊಟ್ಟು ಬಯಲಿಗೆಲ್ಲ ಚರಂಡಿ ತೋಡಿಸಿತು. ಆಮೇಲೆ ಅದೇ ಚರಂಡಿ ಮುಚ್ಚಲು ದುಡ್ಡು ಕೊಟ್ಟಿತು. ಎರಡು ಸಲವೂ ಹಂಚಿದ ಬಣ್ಣದ ಕಿರುಪುಸ್ತಕ ನನ್ನಲ್ಲಿದೆ. ಎರಡರ ಮುಖಪುಟದಲ್ಲೂ ನಗುವ ರೈತ ಒಬ್ಬನೇ.

ಈಗ ಹೈ ರಿಗ್‌ನಲ್ಲಿ ಉಳಿದಿರುವುದು ಒಂದು ಜೋಡಿ. ಹೆಣ್ಣು ಮೊನ್ನೆಯಿಂದ ಗೂಡಿನ ಕುಳಿ ಕೆರೆಯುತ್ತಿದೆ, ಇನ್ನೊಂದು ವಾರದಲ್ಲಿ ಕಾವಿಗೆ ಕೂರುತ್ತದೆ. ಮೇ ತಿಂಗಳು ಮುಗಿಯುವಾಗ ಮರಿ ಹೊರಬರುತ್ತದೆ. ಹಕ್ಕಿಗೂ ವಯಸ್ಸಾಯಿತು, ಮುಂದಿನ ವರ್ಷ ಬರುತ್ತದೆಂದು ಯಾರೂ ಹೇಳಲಾರರು.

ಹಳೆಯ ಗೋಡೆಯಲ್ಲಿದ್ದ ಗಂಡಿಗಳನ್ನು ಹೊಸ ಗೋಡೆಯಲ್ಲಿ ಯಾಕೆ ಬಿಡಲಿಲ್ಲ, ಕ್ಲೆಮ್?

ಎನಿಡ್ ಆಲ್ಡರ್ಸನ್


ಆರ್ಕ್ನಿ, ಉತ್ತರದ ದ್ವೀಪ
೩ ಮೇ

ಮಿಸ್ ಆಲ್ಡರ್ಸನ್ ಅವರಿಗೆ,

ನಿಮ್ಮ ಕಾಗದ ಬಂತು. ಇಲ್ಲಿ ಗಾಳಿ ಜಾಸ್ತಿ. ಟೋಪಿ ಹಾಕ್ಕೊಂಡು ಹೋದೋನು ಬರಿ ತಲೇಲಿ ಬರ್ತಾನೆ. ಈ ದ್ವೀಪದಲ್ಲಿ ಎಲ್ಲ ಉಲ್ಟಾ. ದ್ವೀಪದ ಸುತ್ತ ಒಂದೇ ಗೋಡೆ, ಕುರಿಗಳೆಲ್ಲ ಗೋಡೆಯ ಹೊರಗೆ ಕಡಲ ಕಡೆ ಇದ್ದು ಪಾಚಿ ತಿಂತವೆ, ಒಳಗಿನ ಹುಲ್ಲಿಗೆ ಬರೋ ಹಾಗಿಲ್ಲ. ಚಳಿಗಾಲದ ಅಲೆ ಗೋಡೆ ಕೆಡವುತ್ತೆ, ಬೇಸಿಗೆಯಲ್ಲಿ ನಾನು ಕಟ್ತೀನಿ. ಅಲೆಗೂ ನನಗೂ ಕೆಲಸಕ್ಕೆ ಬರ ಇಲ್ಲ.

ಹೈ ರಿಗ್ ವಿಚಾರ. ನನಗೆ ಹೇಳಿದ ಹಾಗೆ ಕಟ್ಟಿದೀನಿ. ಅದಕ್ಕಿಂತ ಹೆಚ್ಚು ಬರೆಯೋದು ಸರಿ ಕಾಣಲ್ಲ, ಅದರಲ್ಲೂ ನಿಮಗೆ.

ಮೈ ಕೈ ಹುಷಾರು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ? ದಿನ ವಾರ ಎಲ್ಲ ನೆನಪಿರುತ್ತಾ?

ಕ್ಲೆಮ್ ಹಾರ್ಕರ್


ಥ್ರಾಂಗ್‌ಡೇಲ್
೯ ಮೇ

ಕ್ಲೆಮ್,

ನನ್ನ ನಿದ್ದೆ ಚೆನ್ನಾಗಿದೆ. ಇಂದು ಸೋಮವಾರ. ಕೇಳಿದ್ದಕ್ಕೆ ಉತ್ತರ ಕೊಡದೆ ಹೀಗೆ ಕುಶಲ ವಿಚಾರಿಸುವವರನ್ನು ಕಚೇರಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ, ನಿನ್ನಿಂದ ಅದನ್ನು ನಿರೀಕ್ಷಿಸಿರಲಿಲ್ಲ.

"ಹೇಳಿದ ಹಾಗೆ" ಎಂದು ಬರೆದಿದ್ದೀಯೆ. ಯಾರು ಹೇಳಿದ್ದು? ಹೊಲದ ಯಜಮಾನ ಜೋನಸ್ ಕೋಟ್ಸ್ ಇರಬೇಕೆಂದು ಅವನ ಕೊಟ್ಟಿಗೆಗೆ ಹೋದೆ. ತಾಯಿಯಿಲ್ಲದ ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಟಲಿ ಹಾಲು ಕುಡಿಸುತ್ತಿದ್ದ.

"ಏನ್ ಲೈಬ್ರರಿಯಮ್ಮ, ಯಾವ ಪುಸ್ತಕದ ಗಡುವು ಮುಗೀತು?" ಅಂದ. ನಾನು ಗ್ರಂಥಾಲಯದ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಅವನು ಹಿಂದಿರುಗಿಸಬೇಕಾದ ಒಂದು ಪುಸ್ತಕ ಮಾತ್ರ ಇನ್ನೂ ಬಂದಿಲ್ಲ, ಅದಕ್ಕೇ ಈ ಹಾಸ್ಯ.

ಗಂಡಿ ಮುಚ್ಚಿಸಿದ್ದು ನೀನೇನಾ ಎಂದು ಕೇಳಿದೆ. ಅವನು ಕುರಿಮರಿಯ ಬಾಯಿ ಒರೆಸಿ, ಅದರ ಕಡೆ ತಿರುಗಿ, "ನೋಡ್ದೇನೋ, ಮೊಲಗಂಡೀಗೆ ಕುಣಿಕೆ ಹಾಕಿ ಭಾನುವಾರದ ಸಾರು ಮಾಡ್ಕೋತಿದ್ದೋನು ನಾನು. ನನ್ನ ಸಾರಿಗೆ ನಾನೇ ಕಲ್ಲು ಹಾಕ್ಕೋತೀನಾ?" ಎಂದು ಅದನ್ನೇ ಕೇಳಿದ. ಮತ್ತೆ ನನಗೆ, "ಕಲ್ಲಿಟ್ಟೋನು ಕ್ಲೆಮ್. ಅವನನ್ನೇ ಕೇಳಿ," ಎಂದು ಹೇಳಿ ಎದ್ದುಬಿಟ್ಟ. ಏನೋ ನುಂಗಿಕೊಂಡ ಹಾಗಿತ್ತು. ಆದರೆ ಅವನ ಮಾತು ನಂಬಬಹುದು ಎನಿಸಿತು.

ಹಾಗಾದರೆ ಉಳಿದವನು ನೀನು. ಗಂಡಿ ಬಿಡಬೇಕಾದರೆ ಮೇಲೆ ಅಡ್ಡಗಲ್ಲು ಹುಡುಕಬೇಕು, ಎರಡು ಬದಿ ನೇರ ತರಬೇಕು, ಅರ್ಧ ದಿನದ ಕೆಲಸ ಹೆಚ್ಚು. ಗೋಡೆ ನೇರ ಎದ್ದರೆ ಸಾಕು, ಯಾರು ಬಗ್ಗಿ ನೋಡುತ್ತಾರೆ ಎಂದುಕೊಂಡೆಯಾ? ನಿನ್ನ ತಂದೆ ಕಟ್ಟಿದ ಯಾವ ಗೋಡೆಯೂ ಗಂಡಿಯಿಲ್ಲದೆ ಇರಲಿಲ್ಲ.

ಗೋಡೆಯ ಬುಡದಲ್ಲಿ ಒಂದು ತೂತು ತೆರೆಯಲು ಅನುಮತಿ ಕೇಳಿ ನಗರದ ಕಚೇರಿಗೆ ಬರೆದೆ. ಅನುದಾನ ಪಡೆದ ಗೋಡೆಯನ್ನು ತಪಾಸಣೆಯಿಲ್ಲದೆ ಬದಲಿಸುವಂತಿಲ್ಲ, ತಪಾಸಣೆ ಜುಲೈನಲ್ಲಿ ಎಂದು ಉತ್ತರ ಬಂದಿದೆ. ಮೊಟ್ಟೆಗೆ ಈ ವಿಷಯ ತಿಳಿಸುವವರು ಯಾರು?

ಎನಿಡ್ ಆಲ್ಡರ್ಸನ್


ಆರ್ಕ್ನಿ
೧೬ ಮೇ

ಮಿಸ್ ಆಲ್ಡರ್ಸನ್,

ಅಪ್ಪನ ಹೆಸರು ತೆಗೆದ್ರಿ. ಆದ್ದರಿಂದ ಬರೀತೀನಿ, ಆಮೇಲೆ ನೊಂದ್ಕೋಬೇಡಿ.

ಹೈ ರಿಗ್ ಗೋಡೇಲಿ ಮೂರು ಗಂಡಿ ಬಿಟ್ಟಿದ್ದೆ. ಹಳೇವು ಎಲ್ಲಿದ್ವೋ ಅಲ್ಲೇ, ಅಡ್ಡಗಲ್ಲೂ ಹಳೇವೇ. ಕೆಲಸ ಮುಗೀತಾ ಬಂದಾಗ, ಆಗಸ್ಟ್‌ನಲ್ಲಿ, ನಿಮ್ಮ ಹಕ್ಕಿ ಸಂಘದ ಅಧ್ಯಕ್ಷರು ಬಂದ್ರು, ಹಲ್ಲಿನ ಡಾಕ್ಟರ್ ಫೆನಿಕ್. ಟೇಪ್ ಹಿಡಿದು ಗಂಡಿ ಅಳೆದ್ರು. ಇದರಲ್ಲಿ ಸ್ಟೋಟ್ ನುಗ್ಗಿ ಮೊಟ್ಟೆ ಕದಿಯುತ್ತೆ, ಮುಚ್ಚಬೇಕು, ಸಂಘ ತೀರ್ಮಾನ ಮಾಡಿದೆ ಅಂದ್ರು. ನಾನಂದೆ, ಡಾಕ್ಟ್ರೇ, ಸ್ಟೋಟ್ ಉಂಗುರದಲ್ಲಿ ತೂರೋ ಪ್ರಾಣಿ, ಗೋಡೇ ಅದರ ಮನೆ, ಅದು ಬಾಗಿಲ ಹತ್ರ ಸಾಲಲ್ಲಿ ನಿಲ್ಲಲ್ಲ. ಅವರಂದ್ರು, ತೂತು ಯಾವತ್ತೂ ತೂತೇ ಕಣಪ್ಪ, ಬಿಟ್ರೆ ಬೆಳೆಯುತ್ತೆ, ನಲವತ್ತು ವರ್ಷ ಅದನ್ನೇ ನೋಡಿದೀನಿ.

ಸಂಘ ಅಂದ್ರೆ ನೀವು ಅಂತ ಊರಿಗೆಲ್ಲ ಗೊತ್ತು. ಕಾರ್ಯದರ್ಶಿ ನೀವು, ಕಾಗದ ಬರೆಯೋದು ನೀವು, ಅಧ್ಯಕ್ಷರಿಗೆ ಕುರ್ಚಿ ಹಾಕೋದೂ ನೀವೇ. ನಿಮ್ಮ ಮಾತೇ ಅಂತ ಮುಚ್ಚಿದೆ.

ಈಗ ಎರಡು ವರ್ಷ ಆದ ಮೇಲೆ ನೀವೇ ಯಾಕೆ ಮುಚ್ಚಿದೆ ಅಂತ ಕೇಳ್ತೀರಿ. ನಾನೇನು ತಿಳ್ಕೋಬೇಕು? ನಮ್ಮತ್ತೆಗೂ ಮರೆವು ಹೀಗೇ ಶುರುವಾಗಿದ್ದು. ಕೆಟಲ್ ಒಲೆ ಮೇಲಿಟ್ಟು ಯಾರಿಟ್ಟಿದ್ದು ಅನ್ನೋರು. ಕೋಟ್ಸ್‌ಗೂ ಅದೇ ಅನುಮಾನ ಅಂತ ಕಾರ್ಡ್ ಬರೆದಿದ್ದ. ಅದಕ್ಕೇ ಇಬ್ಬರೂ ಸುಮ್ಮನಿದ್ವಿ.

ಕ್ಲೆಮ್


ಥ್ರಾಂಗ್‌ಡೇಲ್
೨೨ ಮೇ

ಪ್ರಿಯ ಕ್ಲೆಮ್,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಒಲೆಯ ಮೇಲೆ ಕೆಟಲ್ ಇದೆಯೇ ಎಂದು ಎದ್ದು ಹೋಗಿ ನೋಡಿದೆ. ಇರಲಿಲ್ಲ.

ನಿನ್ನ ತಂದೆಯ ಮಾತು ಎತ್ತಬಾರದಿತ್ತು. ಅದನ್ನು ಹಿಂತೆಗೆದುಕೊಂಡಿದ್ದೇನೆ.

ನೀನು ಮರೆತಿರುವುದು ಒಂದಿದೆ. ಆ ಆಗಸ್ಟ್ ಪೂರ್ತಿ ನಾನು ಸೊಂಟದ ಆಪರೇಷನ್‌ಗೆ ಆಸ್ಪತ್ರೆಯಲ್ಲಿ ಮಲಗಿದ್ದೆ. ಸಂಘ ಆ ತಿಂಗಳು ಸೇರಲೇ ಇಲ್ಲ. ನಾನಿಲ್ಲದಿದ್ದಾಗ ಸಂಘ ಎಂದರೆ ರೂಪರ್ಟ್ ಫೆನಿಕ್ ಒಬ್ಬರೇ.

ನಿನ್ನೆ ಅವರ ಮನೆಗೆ ಹೋದೆ. ಚಹಾ ಇಟ್ಟು, ಹಣ್ಣಿನ ಕೇಕಿಗೆ ಚೀಸ್ ತುಂಡು ಜೋಡಿಸಿ ಕೊಟ್ಟರು. ಲೀಡ್ಸ್‌ನಿಂದ ಬಂದು ಹತ್ತು ವರ್ಷವಾದರೂ ಚೀಸನ್ನು ಇನ್ನೂ ಕಾಗದದಷ್ಟು ತೆಳ್ಳಗೆ ಕತ್ತರಿಸುತ್ತಾರೆ. ಗಂಡಿಯ ಮಾತು ತೆಗೆದಾಗ ತಟ್ಟೆ ಕೆಳಗಿಟ್ಟರು.

"ಕಣ್ಣಾರೆ ನೋಡ್ದೆ ಎನಿಡ್. ಸ್ಟೋಟ್ ಬಾಯಲ್ಲಿ ಕೋಳಿಮೊಟ್ಟೆ ಕಚ್ಕೊಂಡು ಆ ತೂತಲ್ಲಿ ನುಗ್ತು. ನೀನು ಆಸ್ಪತ್ರೇಲಿದ್ದೆ. ನಿನಗ್ಯಾಕೆ ತೊಂದ್ರೆ ಕೊಡೋದು ಅಂತ..."

"ಆಮೇಲಾದರೂ ಹೇಳಬಹುದಿತ್ತು."

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಆ ಸತ್ತ ಮರಿಗಳನ್ನ ಕರವಸ್ತ್ರದಲ್ಲಿ ಸುತ್ಕೊಂಡು ಬಂದೆ."

ಎರಡು ವರ್ಷದಿಂದ ಮಂಗಳವಾರದ ನಡಿಗೆಯಲ್ಲಿ ಅವರು ಆ ಗೋಡೆಯ ಕಡೆ ಬಾರದೆ ಹಳ್ಳದ ದಾರಿ ಹಿಡಿಯುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಮೊಣಕಾಲು ನೋವು ಎನ್ನುತ್ತಿದ್ದರು.

ಈಗ ಏನು ಮಾಡಬೇಕೆಂಬುದರಲ್ಲಿ ಮಾತ್ರ ನಮಗೆ ಒಮ್ಮತವಿಲ್ಲ. ಕಚೇರಿಯ ಮಾತು ಮೀರಿದರೆ ಸಂಘಕ್ಕೆ ಮುಂದೆ ಯಾವ ಅನುದಾನವೂ ಸಿಗದು, ಕೋಟ್ಸ್ ಪಡೆದ ಹಣವನ್ನೂ ಹಿಂದೆ ಕೇಳಬಹುದು ಎನ್ನುತ್ತಾರೆ. ಮರಿಗಳನ್ನು ಕೈಯಲ್ಲಿ ಎತ್ತಿ ಆಚೆ ಬಿಡೋಣ ಎನ್ನುತ್ತಾರೆ. ಹುಲ್ಲಿನಲ್ಲಿ ಅಡಗಿ ಕೂತ ಮರಿ ಕಾಲಿಗೆ ಸಿಕ್ಕೀತೇ ಹೊರತು ಕಣ್ಣಿಗೆ ಸಿಗದು ಎಂದು ಹೇಳಿದೆ. ಹುಡುಕಲು ಹೋದಷ್ಟು ಹೊತ್ತೂ ತಂದೆತಾಯಿ ನಮ್ಮ ತಲೆಯ ಮೇಲೆ ಕೂಗುತ್ತ ಸುತ್ತುತ್ತವೆ, ಮರಿಗಳು ಮೇವು ಬಿಟ್ಟು ಅಲುಗದೆ ಮಲಗುತ್ತವೆ, ನೋಡುವ ಕಾಗೆಗಳಿಗೆ ಜಾಗ ತೋರಿಸಿಕೊಟ್ಟಂತೆ.

ಗೋಡೆಯ ಬುಡವನ್ನು ಎರಡು ಸಲ ತಡವಿ ನೋಡಿದೆ. ಗಂಡಿ ಎಲ್ಲಿತ್ತೆಂದು ಗುರುತೇ ಸಿಗದಷ್ಟು ಚೆನ್ನಾಗಿ ಮುಚ್ಚಿದ್ದೀಯೆ. ಗೋಡೆ ಬೀಳದ ಹಾಗೆ ಅದನ್ನು ತೆರೆಯಬಹುದೇ? ಎಲ್ಲಿ, ಹೇಗೆ, ಬರೆ. ದ್ವೀಪದ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸಿನ ಮಾತು ನನಗೆ ಅರ್ಥವಾಗಲಿಲ್ಲ, ನನ್ನದು ಅವಳಿಗೆ ಅರ್ಥವಾಗಲಿಲ್ಲ. ಇಬ್ಬರೂ ಹವಾಮಾನದ ಬಗ್ಗೆ ಒಪ್ಪಿಕೊಂಡು ಫೋನ್ ಇಟ್ಟೆವು.

ಇಲ್ಲಿ ಮಳೆಯಿಲ್ಲ. ರಿಗ್‌ನ ಮಣ್ಣು ಬಿರಿದಿದೆ. ಕೊಕ್ಕು ಇಳಿಯುವ ನೆಲ ಈಗ ಜೌಗಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ನಿನ್ನ
ಎನಿಡ್ ಆಲ್ಡರ್ಸನ್


ಆರ್ಕ್ನಿ
೨೭ ಮೇ

ಮಿಸ್ ಆಲ್ಡರ್ಸನ್,

ಕಾಗದ ಇವತ್ತು ಕೈಗೆ ಬಂತು. ನಿಮಗೆ ಗೊತ್ತಿರಲಿಲ್ಲ ಅನ್ನೋದು ನನ್ನ ತಲೆಗೇ ಹೊಳೆದಿರಲಿಲ್ಲ. ನಿಮಗೆ ಗೊತ್ತಿಲ್ಲದ್ದು ನಮ್ಮೂರಲ್ಲಿ ಒಂದಿರುತ್ತೆ ಅಂತ ಯಾರು ನಂಬ್ತಾರೆ.

ನಾನೂ ಒಂದು ಹೇಳಿಲ್ಲ. ಡಾಕ್ಟ್ರು ಮುಚ್ಚು ಅಂದ್ರು, ಮುಚ್ಚಿದೆ. ಆದರೆ ಕಟ್ಟಿ ಮುಚ್ಚಲಿಲ್ಲ. ಒಳ್ಳೆ ಗಂಡಿ ಕೊಲ್ಲೋಕೆ ಮನಸ್ಸು ಬರಲಿಲ್ಲ. ಒಂದೊಂದಕ್ಕೆ ಒಂದೊಂದು ಉದ್ದನೆ ಕಲ್ಲು ಬಿರಡೆ ಹಾಗೆ ತೂರಿಸಿದೀನಿ. ಅದೂ ಹಳ್ಳದ ಕಲ್ಲು, ನುಣ್ಣಗಿರುತ್ತೆ, ಉಳಿದವೆಲ್ಲ ಒರಟು. ಕೆಳಗಡೆಯಿಂದ, ಜೌಗಿನ ಕಡೆಯಿಂದ, ಬುಡದಲ್ಲಿ ಕೈಯಾಡಿಸಿ. ಅಂಗೈಗೆ ನುಣುಪು ಸಿಕ್ಕಿದ ಕಡೆ ಹಿಡಿದು ಎಳೀರಿ. ಬರುತ್ತೆ. ಗೋಡೆಗೆ ಏನೂ ಆಗಲ್ಲ. ಕಚೇರಿಯೋರಿಗೆ ತಿಳಿಯೋದೂ ಇಲ್ಲ.

ಗಂಡಿ ಮೊಲಕ್ಕೆ, ನೀರಿಗೆ ಅಂತ ತಿಳ್ಕೊಂಡಿದ್ದೆ. ಹಕ್ಕಿಮರಿ ನಡ್ಕೊಂಡು ಹೋಗುತ್ತೆ ಅಂತ ನಮ್ಮಪ್ಪನೂ ಹೇಳಿರಲಿಲ್ಲ. ಗೊತ್ತಿದ್ರೆ ಡಾಕ್ಟ್ರ ಮಾತು ಕೇಳ್ತಿರಲಿಲ್ಲ.

ಮಂಜು ಬಿದ್ದಿದೆ. ವಿಮಾನ ಬಂದಿಲ್ಲ, ದೋಣಿ ಯಾವಾಗಲೋ. ಬೇಗ ಮುಟ್ಟಲಿ ಅಂತ ಇದನ್ನ ಅಂಗಡಿಯಮ್ಮನ ಕೈಲೇ ಕೊಡ್ತಿದೀನಿ. ನೀವು ಹೇಳಿದ ಹವಾಮಾನ ಸರಿಯಿತ್ತು ಅಂದ್ರು.

ಕ್ಲೆಮ್


ಥ್ರಾಂಗ್‌ಡೇಲ್
೨ ಜೂನ್

ಪ್ರಿಯ ಕ್ಲೆಮ್,

ನಿನ್ನಿಂದ ಉತ್ತರವಿಲ್ಲ. ಗೋಡೆ ತೆರೆಯುವುದು ನಿನಗೂ ಇಷ್ಟವಿಲ್ಲ ಎಂದು ತಿಳಿದುಕೊಂಡೆ. ಕಟ್ಟಿದವನ ಮನಸ್ಸು ಅದು, ನಿನ್ನನ್ನು ದೂರುವುದಿಲ್ಲ. ಆದರೆ ನಾನೀಗ ಹೇಳುವುದನ್ನು ಕುಳಿತುಕೊಂಡು ಓದು.

ಮೊನ್ನೆ ಮಂಗಳವಾರ ಬೆಳಗ್ಗೆ ದುರ್ಬೀನಿನಲ್ಲಿ ನೋಡಿದಾಗ ಹೆಣ್ಣು ಗೂಡಿನಿಂದ ಎದ್ದಿತ್ತು. ಗಂಡು ಗೋಡೆಯ ತಲೆಯ ಮೇಲೆ ನಿಂತು ಜೌಗಿನ ಕಡೆ ಮುಖ ಮಾಡಿ ಕೂಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮರಿಗಳು ಗೋಡೆಯ ಬುಡಕ್ಕೆ ಬಂದಿದ್ದವು, ಮೂರು. ತಾಯಿ ಆಚೆ ಹಾರಿ ಕೂಗುತ್ತದೆ, ಮರಿಗಳು ಈಚೆ ಕಲ್ಲಿಗೆ ಎದೆ ತಾಗಿಸಿ ಓಡುತ್ತವೆ, ತಾಯಿ ಈಚೆ ಬರುತ್ತದೆ, ಮತ್ತೆ ಆಚೆ ಹಾರುತ್ತದೆ. ಸಂಜೆಯವರೆಗೆ ಇದೇ ನಡೆಯಿತು.

ನಿನ್ನೆ ಬೆಳಗ್ಗೆ ನಾನು ಗೋಡೆಯ ಕೆಳಗಡೆಯಿಂದ ಹೋದೆ. ಮರಿಗಳಿದ್ದ ಜಾಗದಿಂದ ಸಾಕಷ್ಟು ದೂರ, ಹಳೆಯ ಮುಳ್ಳಿನ ಮರದ ಹತ್ತಿರ ನಿಂತು, ಮೊದಲ ತಲೆಗಲ್ಲನ್ನು ಎತ್ತಿ ಕೆಳಗಿಟ್ಟೆ.

ಆ ಎರಡು ಬೇಸಿಗೆ ನೀನು ಹಳೆಯ ಗೋಡೆ ಬಿಚ್ಚುವುದನ್ನು ಬುತ್ತಿ ಹಿಡಿದು ಕೂತು ನೋಡಿದ್ದೇನೆ. ನೀನು ಮಾಡಿದ ಹಾಗೇ ಮಾಡಿದೆ. ತಲೆಗಲ್ಲುಗಳನ್ನು ಎಲ್ಲಕ್ಕಿಂತ ದೂರ ಸಾಲಾಗಿಟ್ಟೆ. ಅದರ ಈಚೆ ಮೇಲಿನ ವರಸೆಯ ಸಣ್ಣ ಕಲ್ಲು, ಅದರ ಈಚೆ ದಪ್ಪ ಕಲ್ಲು, ಹೊಟ್ಟೆಯೊಳಗಿನ ಜಲ್ಲಿಯನ್ನು ಬೇರೆ ರಾಶಿ ಮಾಡಿದೆ. ಕಟ್ಟುವಾಗ ಕೈಗೆ ಮೊದಲು ಬೇಕಾದದ್ದು ಹತ್ತಿರ ಇರಬೇಕು ಎಂದು ನೀನು ಹೇಳುತ್ತಿದ್ದುದು ನೆನಪಿತ್ತು. ನೆನಪಿನ ಬಗ್ಗೆ ನಿಮಗೆಲ್ಲ ಕಾಳಜಿ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅರ್ಧ ಎತ್ತರ ಇಳಿಯುವಷ್ಟರಲ್ಲಿ ಸೊಂಟ ಕೈಕೊಟ್ಟಿತು. ಹುಲ್ಲಿನ ಮೇಲೆ ಕೂತಿದ್ದೆ. ರೂಪರ್ಟ್ ಬಂದರು. ತೋಟದ ಕೈಗವಸು ಹಾಕಿಕೊಂಡಿದ್ದರು, ಕಂಕುಳಲ್ಲಿ ಚಹಾದ ಫ್ಲಾಸ್ಕ್. ಕಚೇರಿಯ ಮಾತನ್ನು ಮತ್ತೆ ಎತ್ತುತ್ತಾರೆ ಎಂದು ಕಾದೆ.

"ಮುಂದಿನದು ಯಾವುದು?" ಅಂದರು.

ತೋರಿಸಿದೆ. ಎತ್ತಿದರು. ಗೋಡೆಯ ಎರಡು ಮುಖಕ್ಕೂ ಹಾಯುವ ಉದ್ದಗಲ್ಲಿನ ಹತ್ತಿರ ಬಂದಾಗ ಇಬ್ಬರ ಕೈಲೂ ಆಗಲಿಲ್ಲ. ಅಷ್ಟರಲ್ಲಿ ಕೋಟ್ಸ್ ತನ್ನ ಟ್ರ್ಯಾಕ್ಟರ್ ನಿಲ್ಲಿಸಿ, ಗೋಡೆಗೆ ಒರಗಿ, ನಮ್ಮಿಬ್ಬರನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

"ಹಲ್ಲು ಕಿತ್ತಷ್ಟು ಸುಲಭ ಅಲ್ಲ ಅಲ್ವಾ ಡಾಕ್ಟ್ರೇ?"

"ಹಲ್ಲಿಗೆ ಇಂಜೆಕ್ಷನ್ ಕೊಡ್ತಿದ್ದೆ," ಅಂದರು ರೂಪರ್ಟ್.

"ದುಡ್ಡು ವಾಪಸ್ ಕೇಳಿದ್ರೆ ನಾನು ಕೊಡಲ್ಲ, ಈಗಲೇ ಹೇಳ್ತೀನಿ. ಮುದುಕಿ ಕೆಡವಿದ್ದು, ಅವಳಿಗೆ ಮರೆವು ಅಂತ ಬರೀತೀನಿ."

ಹಾಗೇ ಬರೆ ಎಂದೆ. ಅವನು ಆ ಉದ್ದಗಲ್ಲನ್ನು ಒಬ್ಬನೇ ಇಳಿಸಿದ, ಬುಡದವರೆಗೂ ಬಿಚ್ಚಿದ. ಆಮೇಲೆ ತಲೆ ಕೆರೆದುಕೊಂಡು, ಈ ಸಂದಿಯಲ್ಲಿ ತನ್ನ ಕುರಿಗಳೆಲ್ಲ ಜೌಗಿಗೆ ಇಳಿದು ಮರಿಗಳನ್ನೇ ತುಳಿದಾವು ಎಂದು ಹೇಳಿ ಹೋದವನು, ತನ್ನ ಅಜ್ಜಿಯ ಕಬ್ಬಿಣದ ಮಂಚವನ್ನು ತಂದು ಸಂದಿಗೆ ಅಡ್ಡ ನಿಲ್ಲಿಸಿ ತಂತಿ ಬಿಗಿದ. ಕಾಲುಗಳಲ್ಲಿ ಇನ್ನೂ ಹಿತ್ತಾಳೆಯ ಗುಂಡುಗಳಿವೆ. ಕುರಿ ನುಗ್ಗದು, ಹಕ್ಕಿಮರಿ ನುಗ್ಗುತ್ತದೆ.

ನಾವು ಮೂವರೂ ದೂರ ಸರಿದು ಜೊಂಡಿನ ಹಿಂದೆ ಕೂತೆವು. ತಾಯಿ ಆ ಸಂದಿಯನ್ನು ಬೇಗ ಕಂಡುಕೊಂಡಿತು. ಮಂಚದ ಮೇಲೆ ಕೂತು ಕೂಗಿತು. ಮರಿಗಳು ಗೋಡೆಯ ಉದ್ದಕ್ಕೂ ನಿಂತು ನಿಂತು ಬಂದವು, ಬಹಳ ನಿಧಾನ. ಬಂದದ್ದು ಎರಡು. ಮೂರನೆಯದಕ್ಕೆ ಕಾದೆವು. ಅದು ಬರಲಿಲ್ಲ. ಬೆಳಗ್ಗೆಯೇ ಹೋಗಿರಬೇಕು.

ಎರಡೂ ಮಂಚದಡಿಯಲ್ಲಿ ನಡೆದು ಜೌಗಿಗೆ ಇಳಿದವು. ಮೊದಲನೆಯದು ಇಳಿದ ಕೂಡಲೇ ಹುಲ್ಲಿನ ದಂಟಿಗೆ ಕೊಕ್ಕು ಹಾಕಿ ಏನನ್ನೋ ನುಂಗಿತು. ರೂಪರ್ಟ್ ಕನ್ನಡಕ ತೆಗೆದು ಒರೆಸಿಕೊಂಡರು.

ನಿನ್ನ ಗೋಡೆಯಲ್ಲಿ ಈಗ ಒಂದು ಮಾರು ಅಗಲದ ಸಂದಿಯಿದೆ. ಬೈಯುವುದಿದ್ದರೆ ಕಾಗದದಲ್ಲಿ ಬೈ, ಮೌನದಿಂದ ಬೇಡ.

ಎನಿಡ್


ಥ್ರಾಂಗ್‌ಡೇಲ್
೭ ಜೂನ್

ಕ್ಲೆಮ್,

ನೀನು ಮೇ ೨೭ಕ್ಕೆ ಬರೆದ ಕಾಗದ ಇವತ್ತು ಬಂತು. ಹಿಡಿದು ಎಳೀರಿ, ಬರುತ್ತೆ. ಗೋಡೆಗೆ ಏನೂ ಆಗಲ್ಲ.

ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ರೂಪರ್ಟ್‌ಗೂ ಓದಿ ಹೇಳಿದೆ. ಅವರು ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿದ್ದರು, ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಮನೆಯ ಗೋಡೆಯ ಕಡೆ.

ಆದರೂ ಸಂಜೆ ಹೋಗಿ ಕೈಯಾಡಿಸಿದೆ. ನುಣ್ಣನೆಯ ಕಲ್ಲು ಮೂರೂ ಸಿಕ್ಕವು. ಎಳೆದೆ. ಕೋಟ್ಸ್ ಸರಪಳಿ ಹಾಕಿ ಎಳೆದ. ಒಂದೂ ಬರಲಿಲ್ಲ. ಎರಡು ಚಳಿಗಾಲದಲ್ಲಿ ಗೋಡೆ ಕೂತು ಅವುಗಳನ್ನು ಅಗಿದು ಹಿಡಿದುಬಿಟ್ಟಿದೆ. ನಿನ್ನ ಕಾಗದ ಸಮಯಕ್ಕೆ ಬಂದಿದ್ದರೆ ಅದನ್ನೇ ನಂಬಿಕೊಂಡು ಇಡೀ ದಿನ ಎಳೆಯುತ್ತ ಕೂತಿರುತ್ತಿದ್ದೆವು. ಮಂಜಿಗೆ ನನ್ನ ವಂದನೆ ತಿಳಿಸು.

ಮರಿಗಳು ಜೌಗಿನಲ್ಲೇ ಇವೆ. ದನಗಳು ಜೊಂಡಿನ ನಡುವೆ ತುಳಿದ ಓಣಿಗಳಲ್ಲಿ ಓಡಾಡುತ್ತವೆ, ಕಾಗೆಯ ನೆರಳು ಬಿದ್ದರೆ ಬುಡಕ್ಕೆ ನುಗ್ಗುತ್ತವೆ. ದನವಿಲ್ಲದ ಮೂಲೆಯಲ್ಲಿ ಹುಲ್ಲು ದಟ್ಟವಾಗಿ ಬೆಳೆದಿದೆ. ಅಲ್ಲಿಗೆ ಅವು ಕಾಲಿಡುವುದಿಲ್ಲ, ಇಬ್ಬನಿಯಲ್ಲಿ ನೆನೆದರೆ ಮೈ ಬಿಸಿಯಾಗುವಷ್ಟು ಗರಿ ಇನ್ನೂ ಇಲ್ಲ. ದನ ತೆಗೆಸಬೇಕೆಂದು ಸಂಘದ ಹೊಸ ಸದಸ್ಯರೊಬ್ಬರು ಸೂಚಿಸಿದ್ದರು. ಅವರನ್ನು ಕರೆದುಕೊಂಡು ಹೋಗಿ ಎರಡೂ ಮೂಲೆ ತೋರಿಸಿದೆ. ದನಗಳಿಗೆ ಕ್ಷಮೆ ಕೇಳುವಷ್ಟು ಸೌಜನ್ಯ ಅವರಲ್ಲಿತ್ತು.

ಎನಿಡ್


ಆರ್ಕ್ನಿ
೧೫ ಜೂನ್

ಮಿಸ್ ಆಲ್ಡರ್ಸನ್,

ಎರಡು ಕಾಗದ ಒಟ್ಟಿಗೆ ಬಂದವು. ಎರಡನೇದು ಮೊದಲು ಓದಿದೆ, ಏನೂ ಅರ್ಥ ಆಗಲಿಲ್ಲ. ಆಮೇಲೆ ಮೊದಲನೇದು ಓದಿ ಕಲ್ಲಿನ ಮೇಲೆ ಕೂತೆ.

ನಾನು ಕಟ್ಟಿದ್ದನ್ನ ಅಲೆ ಕೆಡವಿದೆ, ಲಾರಿ ಕೆಡವಿದೆ, ಹೋರಿ ಕೆಡವಿದೆ. ವರಸೆ ತಪ್ಪದ ಹಾಗೆ ಜೋಡಿಸಿಟ್ಟು ಕೆಡವಿದೋರು ನೀವೊಬ್ಬರೇ. ನನ್ನ ಹತ್ರ ಕೆಲಸ ಕಲಿಯೋಕೆ ಬಂದ ಹುಡುಗರಿಗೆ ಎಷ್ಟು ಹೇಳಿದ್ರೂ ಎಲ್ಲಾ ಕಲ್ಲು ಒಂದೇ ಗುಡ್ಡೆ ಹಾಕ್ತಾರೆ.

ಬಿರಡೆ ಕಲ್ಲು ಕಚ್ಕೊಳ್ಳುತ್ತೆ ಅಂತ ನನಗೆ ಹೊಳೀಬೇಕಿತ್ತು. ಬುದ್ಧಿವಂತಿಕೆ ಜಾಸ್ತಿ ಆಯ್ತು.

ಮರಿ ಹಾರೋ ತನಕ ಸಂದಿ ಹಾಗೇ ಇರಲಿ. ಯಾರಾದ್ರೂ ಕಟ್ತೀನಿ ಅಂತ ಬಂದ್ರೆ ಬಿಡಬೇಡಿ. ಆಮೇಲೆ ಬರೀರಿ, ಬರ್ತೀನಿ. ಕೂಲಿ ಮಾತು ಬೇಡ. ಡಾಕ್ಟ್ರ ಬೆನ್ನು ಹೇಗಿದೆ?

ಕ್ಲೆಮ್


ಥ್ರಾಂಗ್‌ಡೇಲ್
೧೦ ಜುಲೈ

ಪ್ರಿಯ ಕ್ಲೆಮ್,

ಬುಧವಾರ ಕಚೇರಿಯಿಂದ ತಪಾಸಣೆಗೆ ಬಂದರು. ಹೊಸ ಬೂಟು ಹಾಕಿಕೊಂಡ ಸಭ್ಯ ಯುವಕ. ಗೋಡೆಯನ್ನು ನೋಡಿದ, ಮಂಚವನ್ನು ನೋಡಿದ, ಸಾಲಾಗಿಟ್ಟ ಕಲ್ಲುಗಳನ್ನು ನೋಡಿದ. ಅನಧಿಕೃತವಾಗಿ ಕೆಡವಿದ್ದು ಯಾರು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ರೂಪರ್ಟ್, ಸಂಘ ತೀರ್ಮಾನ ಮಾಡಿತು ಎಂದರು. ಈ ಸಲ ಅದು ನಿಜವೂ ಆಗಿತ್ತು. ಹಿಂದಿನ ರಾತ್ರಿ ಸಭೆ ಸೇರಿಸಿ ಎಲ್ಲರಿಂದ ಕೈಯೆತ್ತಿಸಿದ್ದೆ.

ಅವನನ್ನು ಜೊಂಡಿನ ಹಿಂದೆ ಕೂರಿಸಿ ದುರ್ಬೀನು ಕೊಟ್ಟೆ. ಎರಡು ಮರಿಗಳಲ್ಲಿ ಒಂದನ್ನು ಜೂನ್ ನಡುವೆ ಕಾಗೆ ಒಯ್ದಿತ್ತು. ಆ ದಿನ ನಿನಗೆ ಬರೆಯಲು ಕೈ ಬರಲಿಲ್ಲ. ಉಳಿದದ್ದು ಆಗಲೇ ಉದ್ದಕಾಲಿನ ಹಕ್ಕಿಯಾಗಿತ್ತು, ಕೊಕ್ಕು ಬಾಗಲು ಶುರುವಾಗಿತ್ತು. ಯುವಕ ಬಹಳ ಹೊತ್ತು ನೋಡಿದ. ಮೂರು ಗಂಡಿಗಳನ್ನು ಬಿಟ್ಟು ಕಟ್ಟುವುದಾದರೆ ದುರಸ್ತಿ ಎಂದು ಬರೆದುಕೊಳ್ಳುತ್ತೇನೆ ಎಂದ. ಕೋಟ್ಸ್‌ನಿಂದ ಹಣ ಹಿಂದೆ ಕೇಳುವುದಿಲ್ಲವಂತೆ. ಮಂಚ ಮಾತ್ರ ತೆಗೆಯಬೇಕಂತೆ. ಕೋಟ್ಸ್‌ಗೆ ಅದೇ ಬೇಸರ.

ಇವತ್ತು ಭಾನುವಾರ. ಚರ್ಚಿನಿಂದ ನೇರ ಹೈ ರಿಗ್‌ಗೆ ಹೋದೆ. ಮರಿ ಜೌಗಿನ ಅಂಚಿನಲ್ಲಿ ನಿಂತಿತ್ತು, ರೆಕ್ಕೆ ಬಿಚ್ಚಿ ಮಡಿಸಿ ಮಾಡುತ್ತಿತ್ತು. ತಾಯಿ ಆಗಲೇ ಕಡಲಿಗೆ ಹೊರಟುಹೋಗಿದೆ. ತಂದೆ ಮೇಲಿನ ದಿಬ್ಬದಿಂದ ಒಮ್ಮೆ ಕೂಗಿತು. ಮರಿ ನಾಲ್ಕು ಹೆಜ್ಜೆ ಓಡಿ ಎದ್ದಿತು. ಸಂದಿಯ ಕಡೆಗೆ ಹೋಗಲಿಲ್ಲ, ಗೋಡೆ ಎಲ್ಲಿ ಅತಿ ಎತ್ತರವೋ ಅಲ್ಲಿಯೇ ಅದರ ಮೇಲೆ ಹಾದು ರಿಗ್‌ನ ಆಚೆಗೆ ಹೋಯಿತು. ಅಲ್ಲೊಂದು ಗೋಡೆಯಿದೆ ಎಂಬುದೂ ಅದಕ್ಕೆ ಗೊತ್ತಾದಂತೆ ಕಾಣಲಿಲ್ಲ.

ಇನ್ನು ಬಂದು ಕಟ್ಟು.

ಎನಿಡ್